ಕಾಲುವೆಯಾಚೆ ಮನೆಯ ವೈರಿಂಗ್

ಗೌರಿಬಿದನೂರು
೯ ಜುಲೈ ೨೦೨೪

ಶ್ರೀ ರಮೇಶ್‌ಬಾಬು ಅವರಿಗೆ,

ನಾನು ಯಶೋಧರಾ. ದಿಬ್ಬೂರಹಳ್ಳಿಯಲ್ಲಿ ಕಾಲುವೆಯ ಆಚೆ ಕಟ್ಟಿಸುತ್ತಿರುವ ಮನೆಯ ವೈರಿಂಗ್ ಕೆಲಸವನ್ನು ನಿಮಗೆ ಒಪ್ಪಿಸಿದವಳು. ಹಗಲೆಲ್ಲ ನಿಮ್ಮ ಫೋನ್ ಸಿಗುವುದಿಲ್ಲ. ಸಂಜೆ ಸಿಕ್ಕರೆ 'ಆಗ್ತಾ ಇದೆ ಮೇಡಂ' ಎಂದು ಇಟ್ಟುಬಿಡುತ್ತೀರಿ. ಅದಕ್ಕೇ ಈ ರಿಜಿಸ್ಟರ್ ಪತ್ರ.

ಮೊನ್ನೆ ಭಾನುವಾರ ನಾನೇ ಬಂದು ನೋಡಿದೆ. ಯುಗಾದಿ ಮುಗಿದ ವಾರವೇ ಅಡ್ವಾನ್ಸ್ ಪಡೆದಿರಿ. ವೈರು, ಪೈಪು, ಸ್ವಿಚ್ಚು ಎಲ್ಲವನ್ನೂ ನಾನೇ ತರಿಸಿ ಒಳಗಿನ ಕೋಣೆಯಲ್ಲಿ ಇಡಿಸಿದ್ದೆ. ಈಗ ಆ ಸಾಮಾನೂ ಇಲ್ಲ, ಗೋಡೆಯಲ್ಲಿ ಒಂದು ಕಡೆ ಕೊರೆದ ಗುರುತೂ ಇಲ್ಲ. ನಿಮ್ಮ ಕೆಲಸ ಆಗದೆ ಗಾರೆಯವರು ಗೋಡೆ ಮುಟ್ಟುವಂತಿಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಪದೇ ಪದೇ ರಜೆ ಹಾಕಿ ಬರಲಾಗುವುದಿಲ್ಲ. ನಮ್ಮ ತಂದೆ ನಲ್ಲಪ್ಪನವರಿಗೆ ವಯಸ್ಸಾಗಿದೆ. ಹುಟ್ಟಿದ ಜಾಗದಲ್ಲಿ ಬುದ್ಧವಂದನೆ ಮಾಡಿ ಹೊಸ ಮನೆಗೆ ಕಾಲಿಡಬೇಕೆಂಬ ಆಸೆ ಅವರದು. ಈ ತಿಂಗಳೊಳಗೆ ಕೆಲಸ ಕಾಣದಿದ್ದರೆ ನಿಮಗೆ ಲೈಸೆನ್ಸ್ ಕೊಟ್ಟ ಕಚೇರಿಗೆ ದೂರು ಬರೆಯುತ್ತೇನೆ.

ಇಂತಿ,
ಎನ್. ಯಶೋಧರಾ

*

ಚಿಂತಾಮಣಿ
೧೬ ಜುಲೈ ೨೦೨೪

ಯಶೋಧರಾ ಮೇಡಂ ಅವರಿಗೆ ರಮೇಶ್‌ಬಾಬು ಮಾಡುವ ನಮಸ್ಕಾರ.

ನಿಮ್ಮ ಪತ್ರ ಓದಿ ಆಶ್ಚರ್ಯವಾಯಿತು. ಭಾನುವಾರ ನಾನೂ ದಿನವಿಡೀ ಅಲ್ಲೇ ಇದ್ದೆ. ನೀವು ಬಂದದ್ದು ಕಾಣಲಿಲ್ಲ.

ಕೆಲಸ ಮುಕ್ಕಾಲು ಮುಗಿದಿದೆ. ಮಣ್ಣಿನ ಗೋಡೆಯಾದ್ದರಿಂದ ಒಳಗೆ ಪೈಪ್ ಕೂರುವುದಿಲ್ಲ. ಮರದ ಪಟ್ಟಿ ಹೊಡೆದು ಮೇಲೇ ವೈರ್ ಎಳೆದಿದ್ದೇನೆ. ಹಳೆಯ ಪದ್ಧತಿ, ಆದರೆ ಗಟ್ಟಿ. ಒಲೆಯ ಮೇಲೆ, ನಡುಮನೆಯಲ್ಲಿ, ದನ ಕಟ್ಟುವ ಕಡೆ, ಎಲ್ಲಿ ಬಲ್ಬ್ ಬೇಕೆಂದು ಅಜ್ಜಿಯನ್ನು ಕೇಳಿಯೇ ಗುರುತು ಹಾಕಿದೆ. ಹೊಗೆಯಿಂದ ಜಂತೆಯೆಲ್ಲ ಕಪ್ಪಾಗಿದೆ, ಸ್ವಲ್ಪ ನಿಧಾನವಾಗುತ್ತದೆ.

ಅಜ್ಜಿ ಬಹಳ ಒಳ್ಳೆಯವರು. ನಾನು ಬಾಗಿಲಿಗೆ ಬಂದರೆ ಸಾಕು, 'ರಾ ನಾಯನಾ' ಎಂದು ಮಗನನ್ನು ಕರೆಯುವ ಹಾಗೆ ತೆಲುಗಿನಲ್ಲಿ ಕರೆಯುತ್ತಾರೆ. ಮಧ್ಯಾಹ್ನ ರಾಗಿ ಅಂಬಲಿ ಕೊಡುತ್ತಾರೆ. ನನ್ನ ಮಾತಿನ ಮೇಲೆ ನಂಬಿಕೆ ಇಲ್ಲದಿದ್ದರೆ ದಯವಿಟ್ಟು ಅವರನ್ನೇ ಕೇಳಿ.

ನಿಮ್ಮ ವಿಶ್ವಾಸಿ,
ರಮೇಶ್‌ಬಾಬು

*

ಗೌರಿಬಿದನೂರು
೨೯ ಜುಲೈ ೨೦೨೪

ಅಧಿಕಾರಿಗಳು,
ವಿದ್ಯುತ್ ಗುತ್ತಿಗೆದಾರರ ಲೈಸೆನ್ಸ್ ವಿಭಾಗ,
ಚಿಕ್ಕಬಳ್ಳಾಪುರ.

ಮಾನ್ಯರೇ,

ಚಿಂತಾಮಣಿಯ ಲೈಸೆನ್ಸ್‌ದಾರ ಗುತ್ತಿಗೆದಾರ ರಮೇಶ್‌ಬಾಬು ಅವರು ನನ್ನ ಮನೆಯ ವೈರಿಂಗ್‌ಗೆ ಅಡ್ವಾನ್ಸ್ ಪಡೆದು ಯಾವ ಕೆಲಸವನ್ನೂ ಮಾಡಿಲ್ಲ. ನನ್ನ ಪತ್ರಕ್ಕೆ ಅವರು ಬರೆದ ಉತ್ತರದ ನಕಲನ್ನು ಇದರೊಡನೆ ಇಟ್ಟಿದ್ದೇನೆ.

ನನ್ನ ಮನೆ ಸಿಮೆಂಟ್ ಬ್ಲಾಕಿನದು. ಅಲ್ಲಿ ಯಾರೂ ವಾಸವಿಲ್ಲ. ಅವರು ಹೇಳುವಂಥ ಮಣ್ಣಿನ ಮನೆಯೊಂದು ಅದೇ ಜಾಗದಲ್ಲಿ ಇದ್ದದ್ದು ನಿಜ. ಅದನ್ನು ಹೋದ ವರ್ಷ ಜೆಸಿಬಿ ತರಿಸಿ ಕೆಡವಿಸಿದೆ. ಅದರಲ್ಲಿದ್ದ ನನ್ನ ಅಜ್ಜಿ ಪೆದ್ದಮ್ಮ, ನಾನು ಏಳನೇ ತರಗತಿಯಲ್ಲಿದ್ದಾಗಲೇ ತೀರಿಕೊಂಡರು.

ಊರಿನಲ್ಲಿ ಯಾರಿಂದಲೋ ನಮ್ಮ ಮನೆತನದ ವಿಷಯ ಕೇಳಿಕೊಂಡು ಈ ವ್ಯಕ್ತಿ ನನ್ನನ್ನು ಅಣಕಿಸುತ್ತಿದ್ದಾರೆ. ಕೆಲಸದ ಮೋಸಕ್ಕಿಂತ ಈ ಅಣಕ ನನಗೆ ಹೆಚ್ಚು ನೋವು ಕೊಟ್ಟಿದೆ. ವಿಚಾರಣೆ ನಡೆಸಿ ಲೈಸೆನ್ಸ್ ರದ್ದುಪಡಿಸಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ಎನ್. ಯಶೋಧರಾ

*

ಚಿಂತಾಮಣಿ
೨೨ ಆಗಸ್ಟ್ ೨೦೨೪

ಯಶೋಧರಾ ಮೇಡಂ ಅವರಿಗೆ,

ಕಚೇರಿಯಿಂದ ನೋಟಿಸ್ ಬಂತು. ನವೆಂಬರಿನಲ್ಲಿ ವಿಚಾರಣೆಯಂತೆ. ನಿಮ್ಮ ಮೇಲೆ ನನಗೆ ಕೋಪವಿಲ್ಲ. ಆದರೆ ನಾನು ಕಳ್ಳನಲ್ಲ. ನೋಟಿಸನ್ನು ಅಜ್ಜಿಗೆ ಓದಿ ಹೇಳಿದೆ.

"ಅಜ್ಜೀ, ನಿಮ್ಮ ಮೊಮ್ಮಗಳು ನಾನು ಕೆಲ್ಸಾನೇ ಮಾಡಿಲ್ಲ ಅಂತ ಬರ್ದವ್ರೆ."

ಅಜ್ಜಿ ನಕ್ಕರು. "ಅದು ಹಂಗೇ ಕಣಪ್ಪ. ಬುಡ್ಡಿ ದೀಪದಾಗೆ ಓದಿ ಓದಿ ಕಣ್ಣು ಮಂಜಾಗೈತೆ. ಎದುರಿಗಿದ್ರೂ ಕಾಣಲ್ಲ ಅದಕ್ಕೆ. ಬೀಸೋ ಕಲ್ಲಿನ ಮ್ಯಾಲೆ ಬಿದ್ದು ಹಣೆ ಒಡ್ಕೊಂಡಿದ್ಲು, ಕೂದಲ ಅಂಚಿಗೆ. ಆ ಗಾಯ ಮಾಯ್ತಾ ಕೇಳು."

ಅಜ್ಜಿಯ ಪರವಾಗಿ ಕೇಳುತ್ತಿದ್ದೇನೆ ಮೇಡಂ. ನಿಮ್ಮನ್ನು ಒಮ್ಮೆ ನೋಡಿದಾಗ ಗಾಯ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಕೆಲಸ ತಡವಾಗುತ್ತಿರುವುದಕ್ಕೆ ಇನ್ನೊಂದು ಕಾರಣವಿದೆ. ಕರೆಂಟಿನ ಕಂಬ ಕಾಲುವೆ ದಾಟಿ ಬರಲೇ ಇಲ್ಲ ಎಂದು ಅಜ್ಜಿಗೆ ಬೇಸರ. ಈಗ ಸಾಲಿನ ಉಳಿದ ಮನೆಗಳಿಗೂ ಎಳೆದುಕೊಡು ಎನ್ನುತ್ತಿದ್ದಾರೆ. ಆ ಮನೆಗಳವರೂ ಸಂಜೆ ಬಂದು ನಡುಮನೆಯಲ್ಲಿ ಕೂತು ನನ್ನ ಕೆಲಸ ನೋಡುತ್ತಾರೆ. ಹೆಚ್ಚು ಮಾತಾಡುವುದಿಲ್ಲ. ಅಷ್ಟು ಜನ ಕಾದು ಕೂತಿರುವಾಗ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಅದಕ್ಕೆ ನಿಮ್ಮಿಂದ ಏನೂ ಕೇಳುವುದಿಲ್ಲ.

ಗೌರವದಿಂದ,
ರಮೇಶ್‌ಬಾಬು

*

ಗೌರಿಬಿದನೂರು
೧ ಸೆಪ್ಟೆಂಬರ್ ೨೦೨೪

ರಮೇಶ್‌ಬಾಬು ಅವರೇ,

ನಿಮ್ಮ ಪತ್ರವನ್ನು ಅಪ್ಪನಿಗೆ ಓದಿ ಹೇಳಬಾರದಿತ್ತು. ಓದಿದೆ. ಅವರು ಎದ್ದು ಚಪ್ಪಲಿ ಮೆಟ್ಟಿಕೊಂಡು, "ಬಸ್ಸೆಷ್ಟೊತ್ತಿಗೆ?" ಎಂದರು.

ನನ್ನ ಹಣೆಯ ಗಾಯ ಕೂದಲಿನ ಒಳಗಿದೆ. ಅದು ಅಪ್ಪನಿಗೂ ನೆನಪಿರಲಿಲ್ಲ. ಬಿದ್ದ ದಿನ ಮನೆಯಲ್ಲಿದ್ದದ್ದು ನಾನು, ಅಜ್ಜಿ ಇಬ್ಬರೇ.

ನಿನ್ನೆ ಅಪ್ಪನನ್ನು ಕರೆದುಕೊಂಡು ದಿಬ್ಬೂರಹಳ್ಳಿಗೆ ಬಂದೆ. ನಿಮ್ಮ ಸ್ಕೂಟರ್ ಹೊಂಗೆ ಮರದ ಕೆಳಗೆ ನಿಂತಿತ್ತು. ಸಂಜೆಯವರೆಗೆ ಕಾದೆವು. ಮನೆಯೊಳಗೆ ಬ್ಲಾಕಿನ ಗೋಡೆ, ಮರಳಿನ ರಾಶಿ, ಇಷ್ಟೇ. ಅಪ್ಪ ಒಂದು ಮೂಲೆಯಲ್ಲಿ ನಿಂತು "ಒಲೆ ಇಲ್ಲಿತ್ತು" ಎಂದರು. ಅಲ್ಲಿ ಗೋಡೆಗೆ ಕೈ ಇಟ್ಟು ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ನನ್ನ ಕೈಯನ್ನೂ ಹಿಡಿದು ಇಟ್ಟರು. ಗೋಡೆ ಬೆಚ್ಚಗಿತ್ತು. ಹೊರಗೆ ಬೆಳಗಿನಿಂದ ಮೋಡ, ಬಿಸಿಲೇ ಇರಲಿಲ್ಲ.

ನಿಮ್ಮನ್ನು ಒಂದು ಮಾತು ಕೇಳಬೇಕು. ಅಜ್ಜಿ ಕೊಟ್ಟ ಅಂಬಲಿಯನ್ನು ನಿಜವಾಗಿ ಕುಡಿದಿರಾ? ಅವರು ಬದುಕಿದ್ದಷ್ಟು ದಿನವೂ ನಿಮ್ಮ ಕಡೆಯವರು ಯಾರೂ ಆ ಮನೆಯ ನೀರನ್ನು ಮುಟ್ಟಿದವರಲ್ಲ.

ದೂರನ್ನು ವಾಪಸ್ ತೆಗೆದುಕೊಳ್ಳಲು ಈಗ ಬರುವುದಿಲ್ಲ ಎಂದು ಕಚೇರಿಯವರು ಹೇಳಿದರು. ವಿಚಾರಣೆಯಲ್ಲಿ ನಾನೇ ಬಂದು 'ಕೆಲಸ ಆಗಿದೆ' ಎನ್ನುತ್ತೇನೆ. ಲೈಸೆನ್ಸ್ ನಿಮ್ಮ ಬಳಿಯೇ ಉಳಿಯುತ್ತದೆ. ಅಜ್ಜಿ ಕೇಳಿದ್ದನ್ನೆಲ್ಲ ಮಾಡಿಕೊಡಿ.

ಮತ್ತೆ ಅವರನ್ನು ಕೇಳಿ, ನನಗೆ ಯಾಕೆ ಕಾಣಿಸುವುದಿಲ್ಲ ಅಂತ.

ಯಶೋಧರಾ

*

ಚಿಂತಾಮಣಿ
೧೫ ಸೆಪ್ಟೆಂಬರ್ ೨೦೨೪

ಮೇಡಂ,

ನಾನು ಪದ್ಮಶ್ರೀ, ರಮೇಶ್‌ಬಾಬು ಅವರ ಹೆಂಡತಿ. ಬಟ್ಟೆ ಒಗೆಯುವಾಗ ಅವರ ಜೇಬಿನಲ್ಲಿ ನಿಮ್ಮ ಪತ್ರ ಸಿಕ್ಕಿತು. ಫೋನಿನಲ್ಲಿ ಹೇಳಲಾರೆ, ಇರುವ ಒಂದೇ ಫೋನ್ ಅವರ ಬಳಿ ಇರುತ್ತದೆ.

ದಯವಿಟ್ಟು ವಿಚಾರಣೆಯಲ್ಲಿ ಕೆಲಸ ಆಗಿದೆ ಎಂದು ಹೇಳಬೇಡಿ. ಅವರ ಲೈಸೆನ್ಸ್ ಹೋಗಬೇಕು. ಹೆಂಡತಿಯಾಗಿ ನಾನು ಹೀಗೆ ಬೇಡುತ್ತಿದ್ದೇನೆಂದರೆ ನಮ್ಮ ಪಾಡು ಏನೆಂದು ಯೋಚಿಸಿ.

ಬೇರೆ ಕೆಲಸಗಳನ್ನೆಲ್ಲ ಬಿಟ್ಟಿದ್ದಾರೆ. ಬೆಳಗಾದರೆ ದಿಬ್ಬೂರಹಳ್ಳಿ. ಮನೆಗೆ ಬಂದ ಕೂಡಲೇ ಲೈಟೆಲ್ಲ ಆರಿಸುತ್ತಾರೆ. ಕಣ್ಣಿಗೆ ಚುಚ್ಚುತ್ತದಂತೆ. ಕರೆಂಟ್ ಕೆಲಸದವನ ಮನೆಯೇ ಕತ್ತಲು ಎಂದು ಎದುರು ಮನೆಯವರು ನಗುತ್ತಾರೆ. ನಾನು ಬಡಿಸಿದ ಅನ್ನ ತಟ್ಟೆಯಲ್ಲೇ ಉಳಿಯುತ್ತದೆ. "ಅಲ್ಲೇ ಹೊಟ್ಟೆ ತುಂಬ್ತು ಕಣೇ" ಎನ್ನುತ್ತಾರೆ, ಆದರೆ ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿಲ್ಲ. ತಲೆಗೆ ನೀರು ಹಾಕಿದರೆ ಮಸಿ ಇಳಿಯುತ್ತದೆ.

ಮೊನ್ನೆ ಅವರ ಹಿಂದೆಯೇ ಬಸ್ಸಿನಲ್ಲಿ ಹೋದೆ. ಹೊಂಗೆ ಮರದ ಮರೆಯಲ್ಲಿ ನಿಂತು ನೋಡಿದೆ. ನಿಮ್ಮ ಮನೆಯ ಬಾಗಿಲು ಅಷ್ಟು ಎತ್ತರವಿದೆ. ಅವರು ಸೊಂಟ ಬಗ್ಗಿಸಿ, ತಲೆ ತಗ್ಗಿಸಿ ಒಳಗೆ ಹೋದರು. ನಾನು ಹಿಂದೆಯೇ ಓಡಿದೆ. ಒಳಗೆ ಯಾರೂ ಇಲ್ಲ ಮೇಡಂ. ಎಲ್ಲಾ ಕೋಣೆ ನೋಡಿದೆ. ಹಿಂಬಾಗಿಲಿಗೆ ಹೊರಗಿನಿಂದ ಚಿಲಕ. ಕಿರುಚಿ ಕರೆದೆ. ಸಂಜೆ ನಾನು ಜಗಲಿಯ ಮೇಲೆ ಕೂತಿದ್ದಾಗ ಅದೇ ಬಾಗಿಲಿನಿಂದ ಬಗ್ಗಿಕೊಂಡು ಹೊರಗೆ ಬಂದರು. ನನ್ನನ್ನು ಗುರುತು ಹಿಡಿಯಲು ಅವರಿಗೆ ಸ್ವಲ್ಪ ಹೊತ್ತಾಯಿತು.

ಲೈಸೆನ್ಸ್ ಇಲ್ಲದೆ ಅವರು ತಂತಿ ಮುಟ್ಟುವವರಲ್ಲ. ನಮ್ಮ ಮಾವ ತೀರಿಕೊಂಡದ್ದು ಪಂಪ್‌ಸೆಟ್ಟಿಗೆ ಲೈಸೆನ್ಸ್ ಇಲ್ಲದ ಯಾರೋ ಮನಸ್ಸಿಗೆ ಬಂದ ಹಾಗೆ ಕೊಟ್ಟ ಕನೆಕ್ಷನ್ನಿನಿಂದ. ಅವತ್ತಿನಿಂದ ಅದು ಅವರ ವ್ರತ. ಅದೊಂದೇ ಅವರನ್ನು ತಡೆಯಬಲ್ಲದು.

ನಿಮ್ಮನ್ನು ನಂಬಿರುವ,
ಪದ್ಮಶ್ರೀ

*

ಗೌರಿಬಿದನೂರು
೨೪ ಸೆಪ್ಟೆಂಬರ್ ೨೦೨೪

ಪದ್ಮಶ್ರೀ ಅವರೇ,

ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೆ ನೀವು ಕೇಳುತ್ತಿರುವುದು ಸಣ್ಣ ವಿಷಯವಲ್ಲ.

ದಿಬ್ಬೂರಹಳ್ಳಿಗೆ ಕರೆಂಟ್ ಬಂದಾಗ ಕಂಬಗಳನ್ನು ಕಾಲುವೆಯವರೆಗೆ ನೆಟ್ಟು ನಿಲ್ಲಿಸಿದರು. ಆಚೆ ನಮ್ಮವರ ಒಂದು ಸಾಲು ಮನೆ. ಮುಂದಿನ ವರ್ಷ, ಮುಂದಿನ ವರ್ಷ ಎಂದರು. ಅಜ್ಜಿ ಪಂಚಾಯಿತಿ ಮೆಟ್ಟಿಲ ಕೆಳಗೆ ನಿಂತು ಕೇಳಿದಳು, ಓಟಿಗೆ ಬಂದವರನ್ನು ಕೇಳಿದಳು. ಉಳಿದವರು ಒಬ್ಬೊಬ್ಬರಾಗಿ ಕಾಲೊನಿಯ ಸೈಟುಗಳಿಗೆ ಹೋದರು, ಕೆಲವರು ಅಲ್ಲೇ ಸತ್ತರು. ಈಚೆಯ ಬೀದಿ ದೀಪದ ಬೆಳಕು ಕಾಲುವೆಯ ನೀರಿಗೆ ಬಿದ್ದು ನಮ್ಮ ಗೋಡೆಯ ಮೇಲೆ ಅಲುಗಾಡುತ್ತಿತ್ತು. ಅಜ್ಜಿ ಅದನ್ನೇ ನೋಡುತ್ತಾ ಮಲಗುತ್ತಿದ್ದಳು.

ಇಷ್ಟು ವರ್ಷದ ಮೇಲೆ ಅವಳ ಮಾತನ್ನು ಒಬ್ಬರು ಕೇಳಿದ್ದಾರೆ. ಅದನ್ನು ನಾನೇ ನಿಲ್ಲಿಸಬೇಕೆ? ನಿಮ್ಮ ಮನೆಯಲ್ಲಿ ಕೆಲವು ತಿಂಗಳಿಂದ ಕತ್ತಲಿದೆ. ನಮ್ಮ ಅಜ್ಜಿಗೆ ಅದು ಒಂದು ಜನ್ಮವಿಡೀ ಇತ್ತು.

ಯಜಮಾನರನ್ನು ಒಳ್ಳೆಯ ಡಾಕ್ಟರಿಗೆ ತೋರಿಸಿ. ಕೆಲಸ ಮುಗಿದ ಮೇಲೆ ಅವರು ತಾವಾಗಿ ನಿಲ್ಲಿಸುತ್ತಾರೆ.

ಯಶೋಧರಾ

*

ಚಿಂತಾಮಣಿ
೨೮ ಅಕ್ಟೋಬರ್ ೨೦೨೪

ಯಶೋಧರಕ್ಕಾ,

ನಿಮ್ಮ ಮಾತು ನಿಜ. ನಮ್ಮ ಮನೆಗಳಲ್ಲಿ ಏನು ನಡೆಯುತ್ತಿತ್ತೆಂದು ನನಗೂ ಗೊತ್ತು. ಅಕ್ಕ ಎಂದು ಕರೆದದ್ದಕ್ಕೆ ಬೈಯಬೇಡಿ, ಬೇರೆ ಯಾರನ್ನು ಕೇಳಲಿ?

ಕೆಲಸ ಮುಗಿಯುತ್ತಾ ಬಂತಂತೆ. ಕಾರ್ತಿಕದ ಹುಣ್ಣಿಮೆಗೆ ಮೇನ್ ಸ್ವಿಚ್ ಹಾಕುತ್ತಾರಂತೆ. ನಿನ್ನೆ ಊಟಕ್ಕೆ ಕೂತಾಗ ಬಹಳ ಸಂತೋಷದಿಂದ ಹೇಳಿದರು:

"ಅವತ್ತು ಅಜ್ಜಿ ಮನೇಲಿ ಹಬ್ಬದೂಟ ಕಣೇ. ರಾತ್ರಿ ಇಲ್ಲೇ ಉಳ್ಕೊಂಡ್ಬಿಡು ನಾಯನಾ ಅಂದವ್ರೆ. ಸಾಲಿನೋರೆಲ್ಲಾ ಕೇಳ್ಕೊಂಡ್ರು. ಹಾಸಿಗೆ ಹಾಸಿ ಇಟ್ಟವ್ರೆ, ಆಗಲೇ ತೋರಿಸಿದ್ರು."

"ಬೆಳಿಗ್ಗೆ ವಾಪಸ್ ಬರ್ತೀರಲ್ವಾ?" ಎಂದೆ.

ಅವರು ನನ್ನನ್ನೇ ನೋಡಿದರು. ಆ ಪ್ರಶ್ನೆ ಅವರಿಗೆ ಹೊಳೆದೇ ಇರಲಿಲ್ಲ. "ಅದನ್ನ ಕೇಳ್ಲಿಲ್ಲ" ಎಂದರು.

'ನನಗೆ ಯಾಕೆ ಕಾಣಿಸುವುದಿಲ್ಲ' ಎಂದು ನೀವು ಕೇಳಿಸಿದ್ದನ್ನು ಅವರು ಅಜ್ಜಿಯನ್ನು ಕೇಳಿದರಂತೆ. "ಅವಳು ಹೊಸ ಮನೇಲವಳೆ, ನಾನು ಹಳೇ ಮನೇಲಿದೀನಿ. ಹೆಂಗೆ ಕಾಣ್ತೀನಿ?" ಎಂದರಂತೆ.

ವಿಚಾರಣೆ ಹುಣ್ಣಿಮೆಗೆ ಮುಂಚೆಯೇ ಇದೆ ಅಕ್ಕ.

ಪದ್ಮಶ್ರೀ

*

ಗೌರಿಬಿದನೂರು
೧೩ ನವೆಂಬರ್ ೨೦೨೪

ಪದ್ಮಶ್ರೀ,

ನಿನ್ನೆ ಚಿಕ್ಕಬಳ್ಳಾಪುರದ ಕಚೇರಿಯಲ್ಲಿ ಏನಾಯಿತೆಂದು ಅವರು ನಿನಗೆ ಹೇಳಿರಲಾರರು. ನಾನೇ ಹೇಳುತ್ತೇನೆ. ನೀನು ಬಾರದೆ ಇದ್ದದ್ದೇ ಒಳ್ಳೆಯದಾಯಿತು.

ಅವರನ್ನು ನೋಡಿ ನನಗೆ ಗುರುತೇ ಸಿಗಲಿಲ್ಲ. ಏಪ್ರಿಲ್‌ನಲ್ಲಿ ನಾನು ನೋಡಿದ ದಪ್ಪ ಆಸಾಮಿಯೇ ಇವರು? ಕಿಟಕಿಯ ಬೆಳಕಿಗೆ ಬೆನ್ನು ಮಾಡಿ ಕೂತಿದ್ದರು. ಬಟ್ಟೆಯಿಂದ ಒಲೆಯ ಹೊಗೆಯ ವಾಸನೆ. ಹುರುಳಿ ಬೇಯುವಾಗ ಒಂದು ಘಮ ಬರುತ್ತದಲ್ಲ, ಅದೂ ಇತ್ತು. ಅದು ನಮ್ಮಜ್ಜಿಯ ಸೆರಗಿನ ವಾಸನೆ.

ನನ್ನನ್ನು ಕಂಡು ನಕ್ಕರು. "ಮೇಡಂ ಬಂದ್ರಲ್ಲ, ಇನ್ನು ಭಯ ಇಲ್ಲ. ಅಜ್ಜಿ ನಿಮ್ಮನ್ನ ಕೇಳಿದ್ರು" ಎಂದರು.

ಅಧಿಕಾರಿ ವಯಸ್ಸಾದ ಮನುಷ್ಯ, ನರಸಿಂಹಮೂರ್ತಿ ಎಂದು. ಕಡತ ಮುಚ್ಚಿ ನನ್ನ ಕಡೆ ತಿರುಗಿ, "ಒಂದೇ ಮಾತಮ್ಮ. ನಿಮ್ಮ ಮನೆ ಕೆಲಸ ಆಗಿದೆಯಾ, ಇಲ್ವಾ?" ಎಂದರು.

ಆಗಿದೆ ಎನ್ನಲೆಂದೇ ನಾನು ಬಸ್ಸು ಹತ್ತಿದ್ದು. ನಿನ್ನ ಪತ್ರ ಓದಿದ ಮೇಲೂ ನನ್ನ ಮನಸ್ಸು ಬದಲಾಗಿರಲಿಲ್ಲ. ಅಷ್ಟರಲ್ಲಿ ನಿನ್ನ ಯಜಮಾನರು ನೀರು ಕುಡಿಯಲು ಲೋಟ ಎತ್ತಿದರು. ಆ ಕೈಯಲ್ಲಿ ಮಾಂಸವೇ ಇರಲಿಲ್ಲ. ಒಂದು ಗುಟುಕು ಬಾಯಿಗೆ ಹಾಕಿಕೊಂಡರು, ನುಂಗಲಾಗಲಿಲ್ಲ, ಕರ್ಚೀಫಿಗೆ ಉಗಿದು, "ಸಾರಿ, ಈ ಕಡೆ ನೀರು ಇತ್ತೀಚೆಗೆ ಸೇರಲ್ಲ" ಎಂದರು.

ಈ ಕಡೆ ನೀರು.

"ಇಲ್ಲ ಸಾರ್. ಕೆಲಸ ಆಗಿಲ್ಲ" ಎಂದೆ.

ರಮೇಶ್‌ಬಾಬು ವಾದಿಸಲಿಲ್ಲ, ಕೋಪ ಮಾಡಿಕೊಳ್ಳಲಿಲ್ಲ. ಅಧಿಕಾರಿ ಲೈಸೆನ್ಸ್ ರದ್ದೆಂದು ಬರೆಸುವಾಗ ಜೇಬಿನಿಂದ ಅದನ್ನು ತೆಗೆದು ತಾವೇ ಮೇಜಿನ ಮೇಲಿಟ್ಟರು. ಮೆಟ್ಟಿಲಿಳಿಯುವಾಗ ನನ್ನ ಪಕ್ಕದಲ್ಲಿ ನಿಂತು ಮೆಲ್ಲಗೆ ಕೇಳಿದರು: "ಮೇಡಂ, ಅಜ್ಜಿಗೆ ಯಾರು ಹೇಳ್ತಾರೆ?"

"ನಾನು ಹೇಳ್ತೀನಿ. ನೀವು ಆ ಕಡೆ ಹೋಗ್ಬೇಡಿ" ಎಂದೆ.

ಹುಣ್ಣಿಮೆಯ ದಿನ ಅವರನ್ನು ಮನೆಯಲ್ಲೇ ಇರಿಸಿಕೊ. ಯಾರು ಬಂದು ಕರೆದರೂ ಬಾಗಿಲು ತೆಗೆಯಬೇಡ.

ನಿನ್ನ ಅಕ್ಕ,
ಯಶೋಧರಾ

*

ಚಿಂತಾಮಣಿ
೬ ಫೆಬ್ರವರಿ ೨೦೨೫

ಅಕ್ಕಾ,

ಬರೆಯಲು ತಡವಾಯಿತು. ಏನೆಂದು ಬರೆಯಲಿ ಎಂದು ತಿಳಿಯದೆ ಹಾಗೇ ಬಿಟ್ಟಿದ್ದೆ.

ಹುಣ್ಣಿಮೆಯ ದಿನ ಸಂಜೆ ಯಾರೂ ಬಾಗಿಲು ಬಡಿಯಲಿಲ್ಲ. ಆದರೆ ಬೀದಿಯಲ್ಲಿ ತುಂಬಾ ಜನ ಬಂದು ನಿಂತ ಹಾಗೆ, ಕಾಲು ಬದಲಿಸಿ ಬದಲಿಸಿ ನಿಲ್ಲುವ ಸದ್ದು. ಕಿಟಕಿಯ ಸಂದಿಯಲ್ಲಿ ನೋಡಿದರೆ ಬೀದಿ ಖಾಲಿ. ಇವರು ನನ್ನ ಕೈ ಹಿಡಿದುಕೊಂಡು ಕೂತಿದ್ದರು. "ಎಲ್ಲಾ ಬಂದವ್ರೆ ಪಾಪ" ಎಂದು ಅತ್ತರು. ಎದ್ದು ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು.

ಈಗ ನಮ್ಮ ಭಾವನವರ ಜೊತೆ ರೇಷ್ಮೆಗೂಡಿನ ವ್ಯಾಪಾರಕ್ಕೆ ಶಿಡ್ಲಘಟ್ಟಕ್ಕೆ ಹೋಗಿ ಬರುತ್ತಾರೆ. ಊಟ ಮಾಡುತ್ತಾರೆ. ಸಂಕ್ರಾಂತಿಯ ದಿನ ತಾವೇ ಹೋಗಿ ಮುಂದಿನ ಕೋಣೆಯ ಲೈಟು ಹಾಕಿದರು, ನಾನು ಅಡುಗೆಮನೆಯಲ್ಲಿ ನಿಂತು ಅತ್ತೆ. ಆ ಮನೆಯ ಮಾತನ್ನು ಎತ್ತುವುದಿಲ್ಲ. ಎಷ್ಟು ನೆನಪಿದೆಯೋ ನನಗೆ ಗೊತ್ತಿಲ್ಲ.

ನೀವು ಅಲ್ಲಿಗೆ ಹೋದಿರಾ? ಅಜ್ಜಿಗೆ ಹೇಳಿದಿರಾ? ಅವರು ಏನೆಂದರು? ನಮ್ಮ ಮೇಲೆ ಕೋಪ ಉಳಿದಿದೆಯೋ ಏನೋ ಎಂದು ಒಮ್ಮೊಮ್ಮೆ ಭಯವಾಗುತ್ತದೆ.

ನಿಮ್ಮ ತಂಗಿ,
ಪದ್ಮಶ್ರೀ

*

ದಿಬ್ಬೂರಹಳ್ಳಿ
೨ ಮಾರ್ಚ್ ೨೦೨೫

ಪ್ರೀತಿಯ ಪದ್ಮಶ್ರೀ,

ಹೋದ ವಾರ ಅಪ್ಪನನ್ನು ಕರೆತಂದು ಇಲ್ಲಿಗೆ ಬಂದುಬಿಟ್ಟೆ. ಶಿಡ್ಲಘಟ್ಟದ ಇನ್ನೊಬ್ಬ ಕಂಟ್ರಾಕ್ಟರು ವೈರಿಂಗ್ ಮುಗಿಸಿಕೊಟ್ಟರು. ಅವರಿಗೆ ಯಾರೂ ಕಾಣಲಿಲ್ಲ, ಯಾರೂ ಅಂಬಲಿ ಕೊಡಲಿಲ್ಲ. ಕಾಲುವೆಯಾಚೆಗೆ ಕಂಬ ಬಂದಿದೆ. ಅರ್ಜಿ ಕೊಟ್ಟೆ, ಬಂದು ನೆಟ್ಟರು, ಅಷ್ಟೇ ಸುಲಭವಾಗಿ.

ನೀನು ಕೇಳಿದ್ದಕ್ಕೆ ಹೇಳುತ್ತೇನೆ.

ವಿಚಾರಣೆಯಾದ ಮರುದಿನ ನಿನಗೆ ಪತ್ರ ಬರೆದು ಪೋಸ್ಟಿಗೆ ಹಾಕಿ ನೇರ ಇಲ್ಲಿಗೆ ಬಂದೆ. ಮಧ್ಯಾಹ್ನವಿನ್ನೂ ದಾಟಿರಲಿಲ್ಲ. ನಡುಮನೆಯಲ್ಲಿ ನಿಂತೆ. ಯಾರಿಗೆ ಹೇಳಬೇಕು, ಯಾವ ಕಡೆ ಮುಖ ಮಾಡಿ ಹೇಳಬೇಕು, ಒಂದೂ ತಿಳಿಯಲಿಲ್ಲ. ಕೊನೆಗೆ ಗೋಡೆಯ ಕಡೆಗೇ ಹೇಳಿದೆ. "ಅಜ್ಜೀ, ಆ ಮನುಷ್ಯ ಇನ್ನು ಬರಲ್ಲ. ನಾನೇ ನಿಲ್ಲಿಸ್ದೆ. ಅವರಿಗೂ ಹೆಂಡ್ತಿ ಅವ್ಳೆ, ಮನೆ ಐತೆ. ನೀನು ಕೋಪ ಮಾಡ್ಕೊಂಡ್ರೆ ನನ್ನ ಮ್ಯಾಲೆ ಮಾಡ್ಕೊ."

ಸ್ವಲ್ಪ ಹೊತ್ತಾದ ಮೇಲೆ, ನೆಲದ ಮೇಲೆ ಕೂತಿದ್ದವರು ಎದ್ದರೆ ಬಟ್ಟೆಯ ಸದ್ದಾಗುತ್ತದಲ್ಲ, ಹಾಗೆ ಕೇಳಿಸಿತು. ಒಬ್ಬರದಲ್ಲ, ಹಲವರದು. ಒಬ್ಬೊಬ್ಬರಾಗಿ ನನ್ನ ಪಕ್ಕದಲ್ಲೇ ಹಾದು ಬಾಗಿಲಿನ ಕಡೆ ಹೋದರು. ಅವರಲ್ಲಿ ಅಜ್ಜಿ ಯಾರು ಎಂದು ತಿಳಿಯಲು ನಾನು ಕಣ್ಣು ಮುಚ್ಚಿ, ಕೈ ಸ್ವಲ್ಪ ಮುಂದೆ ಚಾಚಿ ನಿಂತೆ. ಯಾರೋ ತಾಗಿದರು. ಅದು ಅವಳೇ ಇರಬಹುದು, ಪಕ್ಕದ ಮನೆಯ ಯಾರಾದರೂ ಇರಬಹುದು. ಯಾರೂ ನಿಲ್ಲಲಿಲ್ಲ. ನನ್ನ ಹೆಸರು ಹಿಡಿದು ಯಾರೂ ಕರೆಯಲಿಲ್ಲ.

ಆಮೇಲೆ ಒಲೆಯಿದ್ದ ಮೂಲೆಗೆ ಹೋಗಿ ಗೋಡೆ ಮುಟ್ಟಿ ನೋಡಿದೆ. ತಣ್ಣಗಿತ್ತು. ಇವತ್ತಿನವರೆಗೂ ಹಾಗೇ ಇದೆ.

ಅಪ್ಪನಿಗೆ ಇದನ್ನು ಹೇಳಿಲ್ಲ. ಅವರು ಸಂಜೆಯಾದರೆ ಎಲ್ಲಾ ಕೋಣೆಯ ಲೈಟನ್ನೂ ಹಾಕಿ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಯಾರಾದರೂ ಬರುವವರಿದ್ದಾರೇನೋ ಎಂಬಂತೆ. ಬಿಲ್ಲು ಬರುತ್ತದಪ್ಪ ಎಂದು ನಾನು ಹೇಳುವುದಿಲ್ಲ.

ನಿನಗೆ ಭಯ ಬೇಡ. ಅವರು ಹೋಗುವಾಗ ಸಿಟ್ಟಿನಲ್ಲಿ ಹೋದ ಹಾಗೆ ನನಗೆ ಅನ್ನಿಸಲಿಲ್ಲ. ಬಹಳ ಕಾದು ಬೇಸತ್ತ ಜನ ಬಸ್ ಸ್ಟಾಂಡಿನಿಂದ ಎದ್ದು ಹೋಗುತ್ತಾರಲ್ಲ, ಹಾಗೆ ಹೋದರು. ಎರಡು ದಿನದ ಮೇಲೆ ನಿಮ್ಮ ಬೀದಿಗೆ ಬಂದದ್ದೂ ನಿನ್ನ ಯಜಮಾನರನ್ನು ಒಮ್ಮೆ ನೋಡಿ ಹೋಗಲಿಕ್ಕೇ ಇರಬೇಕು.

ರಮೇಶ್‌ಬಾಬು ಅವರು ಎಂದಾದರೂ ಕೇಳಿದರೆ, ಹೇಳಿದ್ದಾಯಿತಂತೆ ಎನ್ನು. ಕೇಳದಿದ್ದರೆ ನೀನಾಗಿ ಎತ್ತಬೇಡ.

ನಿನ್ನ,
ಯಶೋಧರಕ್ಕ